ಕ್ಯೋಟೊ ಒಪ್ಪಂದವೂ ಗಂಗವ್ವನ ಎಮ್ಮೆಯೂ

ನಾನು ಬರೆದದ್ದನ್ನು ಓದಿ ಒಂದು ಊರಿನ ಎಮ್ಮೆಗಳೆಲ್ಲ ತಲೆಮರೆಸಿಕೊಂಡವು ಎಂದರೆ ನೀವು ನಂಬುತ್ತೀರಾ?

ನಂಬಲೇಬೇಕು. ಕಳೆದ ವಾರವಷ್ಟೇ ನಡೆದದ್ದು. ನಿನ್ನ ಅಂಕಣವನ್ನು ಓದುವವರು ಇಬ್ಬರೇ, ಒಬ್ಬರು ಪ್ರೂಫ್ ನೋಡುವವರು, ಇನ್ನೊಬ್ಬಳು ನೀನೇ ಎಂದು ನಮ್ಮ ಮನೆಯವರು ವರ್ಷಗಟ್ಟಲೆ ಹಂಗಿಸಿದ್ದಾರೆ. ಅವರಿಗೆ ಈಗ ಉತ್ತರ ಸಿಕ್ಕಿದೆ. ಆದರೆ ಅಂಥ ಉತ್ತರ ಸಿಗದಿದ್ದರೇ ಚೆನ್ನಾಗಿತ್ತು ಎಂದು ಎರಡು ದಿನ ಪೂರ್ತಿ ಅನಿಸಿತ್ತು.

ಎರಡು ವಾರದ ಹಿಂದೆ ಇದೇ ಜಾಗದಲ್ಲಿ ಕ್ಯೋಟೊ ಒಪ್ಪಂದದ ಬಗ್ಗೆ ಬರೆದಿದ್ದೆ. (ನೀವು ಓದಿರುತ್ತೀರಿ. ಓದಿಲ್ಲದಿದ್ದರೆ ಸುಮ್ಮನೆ ತಲೆ ಅಲ್ಲಾಡಿಸಿ.) ಭೂಮಿ ಬಿಸಿಯಾಗುತ್ತಿದೆ. ಅದಕ್ಕೆ ಕಾರಣವಾದ ಅನಿಲಗಳನ್ನು ಮುಂದುವರಿದ ದೇಶಗಳು ಕಡಿಮೆ ಮಾಡಬೇಕು. ೧೯೯೦ರಲ್ಲಿ ಎಷ್ಟು ಬಿಡುತ್ತಿದ್ದವೋ ಅದಕ್ಕಿಂತ ಸರಾಸರಿ ನೂರಕ್ಕೆ ಐದರಷ್ಟು ಕಡಿಮೆ. ಇದಿಷ್ಟು ವಿಷಯ. ಆದರೆ ಬರೀ ವಿಷಯ ಬರೆದರೆ ಯಾರು ಓದುತ್ತಾರೆ? ನಾನು ಹೈಸ್ಕೂಲಿನ ವಿಜ್ಞಾನ ಟೀಚರ್. ನಲವತ್ತು ನಿಮಿಷ ಮಕ್ಕಳನ್ನು ಎಚ್ಚರವಾಗಿಡುವ ಅಭ್ಯಾಸ. ಹಾಗಾಗಿ ಒಂದಿಷ್ಟು ಒಗ್ಗರಣೆ ಹಾಕಿದೆ. ಕಾರ್ಖಾನೆ, ಕಾರು ಮಾತ್ರವಲ್ಲ, ನಮ್ಮ ಎಮ್ಮೆ ಮೆಲುಕು ಹಾಕಿ ತೇಗಿದಾಗಲೂ ಮೀಥೇನ್ ಎಂಬ ಅನಿಲ ಬರುತ್ತದೆ ಎಂದೆ. ಕೊನೆಗೆ ಕೇಳಿದೆ: ನಾಳೆ ನಮ್ಮೂರ ಎಮ್ಮೆಗಳಲ್ಲೂ ನೂರಕ್ಕೆ ಐದು ಕಡಿಮೆ ಮಾಡಿ ಎಂದು ಸರ್ಕಾರದವರು ಬಂದರೆ ಏನು ಮಾಡುತ್ತೀರಿ?

ಅಲ್ಲಿಗೆ ನಾಲ್ಕನೇ ಪುಟದ ಜಾಗ ಮುಗಿದಿತ್ತು. ಕೆಳಗೆ ಸಣ್ಣ ಅಕ್ಷರದಲ್ಲಿ 'ಉಳಿದದ್ದು ಆರನೇ ಪುಟದಲ್ಲಿ' ಎಂದಿತ್ತು.

ಆರನೇ ಪುಟದಲ್ಲಿ ಏನಿತ್ತು? "ಏನೂ ಮಾಡಬೇಡಿ. ನಿಮ್ಮ ಎಮ್ಮೆಗೆ ಯಾರೂ ಕೈ ಹಚ್ಚುವುದಿಲ್ಲ. ನಮ್ಮ ದೇಶಕ್ಕೆ ಅಂಥ ಗುರಿಯನ್ನೇ ಹಾಕಿಲ್ಲ" ಎಂದಿತ್ತು.

ಈಗ ನನ್ನ ತವರೂರಿಗೆ ಬನ್ನಿ. ಮಸೂತಿ ಎಂಬ ಊರಿನ ಆಚೆ ಇದೆ. ಹೆಸರು ಹೇಳುವುದಿಲ್ಲ, ಹೇಳಿದರೆ ಮುಂದಿನ ಸಲ ಹೋದಾಗ ನನಗೆ ಚಹಾ ಸಿಗುವುದಿಲ್ಲ. ಊರಿಗೆ ಬರುವುದು ಈ ಪೇಪರಿನ ಒಂದೇ ಪ್ರತಿ, ಬಸ್ ಸ್ಟ್ಯಾಂಡಿನ ಹೋಟೆಲಿಗೆ. ಅದನ್ನು ನಿವೃತ್ತ ಹಣಮಂತ ಮಾಸ್ತರರು ಭಾನುವಾರ ಗಟ್ಟಿಯಾಗಿ ಓದುತ್ತಾರೆ. ಉಳಿದವರು ಚಹಾ ಕುಡಿಯುತ್ತ ಕೇಳುತ್ತಾರೆ. ನಾನು ಸಣ್ಣವಳಿದ್ದಾಗಿನಿಂದ ಇದೇ ಪದ್ಧತಿ. 'ನಮ್ಮೂರ ಹುಡುಗಿ ಬರದಾಳ' ಎಂದು ನನ್ನ ಅಂಕಣಕ್ಕೆ ಸ್ವಲ್ಪ ಹೆಚ್ಚು ಮರ್ಯಾದೆ.

ಆ ಭಾನುವಾರ ಮಾಸ್ತರರು ನಾಲ್ಕನೇ ಪುಟ ಓದಿ ಮುಗಿಸಿ ಆರನೇ ಪುಟಕ್ಕೆ ಕೈ ಹಾಕಿದರೆ, ಪುಟವೇ ಇಲ್ಲ. ಆ ಹಾಳೆಯಲ್ಲಿ ಹೋಟೆಲಿನವನು ಯಾರಿಗೋ ಮಿರ್ಚಿ ಭಜಿ ಕಟ್ಟಿಕೊಟ್ಟಿದ್ದ.

ಅಷ್ಟೇ ಆಗಿದ್ದರೆ ಜನ ಮರೆಯುತ್ತಿದ್ದರು. ಆದರೆ ಮರುದಿನ ಬೆಳಿಗ್ಗೆ ಊರಲ್ಲಿ ಡಂಗುರ. ವಾರದ ಕೊನೆಗೆ ಜಾನುವಾರು ಗಣತಿಯವರು ಬರುತ್ತಾರೆ, ಎಮ್ಮೆ ಎಷ್ಟು, ಆಕಳು ಎಷ್ಟು ಬರೆದುಕೊಂಡು ಹೋಗುತ್ತಾರೆ ಎಂದು. ಭಾನುವಾರ ಪೇಪರಿನಲ್ಲಿ ಎಮ್ಮೆ ಕಡಿಮೆ ಮಾಡುವ ಮಾತು, ಸೋಮವಾರ ಎಮ್ಮೆ ಎಣಿಸುವ ಮಾತು. ನೀವಾಗಿದ್ದರೆ ಏನು ತಿಳಿಯುತ್ತಿದ್ದಿರಿ?

ನನಗೆ ಇದಾವುದೂ ಗೊತ್ತಿಲ್ಲ. ನಾನು ಬಾಗೇವಾಡಿಯಲ್ಲಿ ಆರಾಮಾಗಿ ಪರೀಕ್ಷೆಯ ಪೇಪರು ತಿದ್ದುತ್ತಿದ್ದೆ. ಗುರುವಾರ ಸಂಜೆ ತಮ್ಮ ಬಸುವಿನ ಫೋನ್ ಬಂತು.

"ಅಕ್ಕಾ, ನೀ ಏನ್ ಬರದಿ ಪೇಪರ್‍ನ್ಯಾಗ? ಊರಾಗ ಒಬ್ಬರ ಮನ್ಯಾಗೂ ಎಮ್ಮಿ ಇಲ್ಲ."

"ಎಲ್ಲಿ ಹೋದವೋ?"

"ಕೆಲವು ಬೀಗರ ಮನಿಗೆ, ಕೆಲವು ಹೊಲಕ್ಕ. ಚನ್ನಪ್ಪ ಸಾವಕಾರಂದು ಹದಿನಾಲ್ಕರಾಗ ಹನ್ನೆರಡು ಕಾಲುವಿ ದಂಡಿ ಹೊಲದಾಗ ಕಟ್ಟ್ಯಾರ. ಎರಡ ಎರಡು ಮನಿ ಮುಂದ ಬಿಟ್ಟಾರ, ತೋರಸಾಕ."

ನಾನು ನಕ್ಕೆ. ನಿಜ ಹೇಳುತ್ತೇನೆ, ಹೊಟ್ಟೆ ಹಿಡಿದುಕೊಂಡು ನಕ್ಕೆ. ಒಳಗೊಳಗೇ ಹೆಮ್ಮೆ ಕೂಡ ಆಯಿತು. ಜಪಾನಿನಲ್ಲಿ ಕೂತು ದೊಡ್ಡದೊಡ್ಡವರು ಮಾಡಿದ ಒಪ್ಪಂದಕ್ಕೆ ಅಮೆರಿಕ ಜಪ್ಪಯ್ಯ ಎನ್ನಲಿಲ್ಲ, ನಮ್ಮೂರು ಒಂದೇ ವಾರದಲ್ಲಿ ಜಾರಿಗೆ ತಂದಿದೆ.

ಬಸು ನಗಲಿಲ್ಲ. "ನಗಬ್ಯಾಡ. ಗಂಗವ್ವ ಚಿಗವ್ವ ಚಂದ್ರಿನ ಮಾರಾಕತ್ತಾಳ" ಎಂದ.

ನನ್ನ ನಗು ಅಲ್ಲೇ ನಿಂತಿತು.

ಗಂಗವ್ವ ನಮ್ಮ ಪಕ್ಕದ ಮನೆಯಾಕೆ. ರಕ್ತಸಂಬಂಧವಿಲ್ಲ, ಆದರೆ ಹುಟ್ಟಿದಾಗಿನಿಂದ ಚಿಗವ್ವ ಎಂದೇ ಕರೆದದ್ದು. ನಾನು ಅವಳ ಮನೆಯ ಮಜ್ಜಿಗೆ ಕುಡಿದು ಬೆಳೆದವಳು. ಗಂಡ ಹೋದ ಮೇಲೆ ಎರಡು ಹೆಣ್ಣುಮಕ್ಕಳನ್ನು ಎಮ್ಮೆಯ ಹಾಲು ಮಾರಿ ಸಾಕಿ, ಓದಿಸಿ, ಲಗ್ನ ಮಾಡಿದಳು. ಇರುವುದು ಒಂದೇ ಎಮ್ಮೆ. ಹಣೆಯ ಮೇಲೆ ಬಿಳಿ ಮಚ್ಚೆ ಇದೆ ಎಂದು ಚಂದ್ರಿ ಅಂತ ಹೆಸರು. ಈಗ ಸಣ್ಣ ಮಗಳು ಶಾಂತಾ ಬಾಣಂತನಕ್ಕೆ ಬಂದಿದ್ದಾಳೆ, ತೊಡೆಯ ಮೇಲೆ ಒಂದು ತಿಂಗಳ ಕೂಸು. ಆ ಮನೆಯ ಒಲೆ ಉರಿಯುವುದೂ ಬಾಣಂತಿಗೆ ಎರಡು ಲೋಟ ಹಾಲು ಸಿಗುವುದೂ ಚಂದ್ರಿಯಿಂದಲೇ.

"ಯಾಕ ಮಾರ್ತಾಳೋ ಆಕಿ?"

"ಕಟ್ಟಿ ಮ್ಯಾಲೆ ಎಲ್ಲಾರೂ ಕೂಡಿದ್ರು. ಸರ್ಕಾರದವರು ಬಂದು ಎಳಕೊಂಡು ಹೋಗೂಕಿಂತ ನಾವ ಕಡಿಮಿ ಮಾಡಿ ತೋರಸೂಣು ಅಂದ್ರು ಸಾವಕಾರು. ಎಲ್ಲಾರಿಗೂ ಸಮ, ಮನಿಗೊಂದು ಕಡಿಮಿ ಅಂತ ಠರಾವ ಆತು. ಎಲ್ಲಾರೂ ಹೂಂ ಅಂದ್ರು."

"ಆಕಿ ಮನ್ಯಾಗ ಇರೂದ ಒಂದಲ್ಲೋ."

"ಅದನ್ನ ಯಾರು ಕೇಳ್ತಾರ? ಹೊಲ ಇದ್ದವರು ಹೊಲದಾಗ ಕಟ್ಟಿದ್ರು. ಈಕಿಗೆ ಹೊಲ ಎಲ್ಲೈತಿ? ಸುಮ್ಮನ ಸರ್ಕಾರದವರು ಒಯ್ಯೂಕಿಂತ ಮಾರಿದ್ರ ಏನರ ಬರ್ತೈತಿ ಅಂತ ದಲಾಲಿಗೆ ಹೇಳಿ ಕಳಸ್ಯಾಳ. ಅಂವ ನಾಳೆ ಬರ್ತೇನಿ ಅಂದಿದ್ದ. ಈಕಿ ಬ್ಯಾಡ ಅಂದ್ಲು. ಶುಕ್ರವಾರ ಹೈನದ ಎಮ್ಮಿ ಹೊಸ್ತಿಲ ದಾಟಸಂಗಿಲ್ಲ, ಶನಿವಾರ ಬಾ ಅಂದಾಳ."

ನಮ್ಮ ಕಡೆ ಹಾಗೆಯೇ. ಮಂಗಳವಾರ, ಶುಕ್ರವಾರ ಹಾಲು ಕೊಡುವ ಎಮ್ಮೆಯನ್ನು ಯಾರೂ ಕೈ ಬಿಡುವುದಿಲ್ಲ, ಮನೆಯ ಲಕ್ಷ್ಮಿ ಹೋದಂತೆ ಎಂದು. ಇಂಥದ್ದನ್ನೆಲ್ಲ ಮೂಢನಂಬಿಕೆ ಎಂದು ನಾನು ಕ್ಲಾಸಿನಲ್ಲಿ ಎಷ್ಟು ಸಲ ಬೈದಿದ್ದೇನೋ ಲೆಕ್ಕವಿಲ್ಲ. ಆ ಸಂಜೆ ಮಾತ್ರ ಶುಕ್ರವಾರಕ್ಕೆ ಕೈ ಮುಗಿದೆ. (ಮಕ್ಕಳಿಗೆ ಹೇಳಬೇಡಿ.)

"ನೀನರ ಹೇಳಬಾರದೇನೋ, ಇದೆಲ್ಲಾ ಸುಳ್ಳು ಅಂತ?"

"ಹೇಳಿದೆ. ನಿಮ್ಮಕ್ಕನ ಬರದಾಳ, ನೀ ಸುಳ್ಳು ಅಂತೀಯಲ್ಲ ಅಂದ್ರು."

ಎಂಥ ಫಜೀತಿ ನೋಡಿ. ನನ್ನ ಮಾತನ್ನು ನಂಬುವ ಒಂದು ಊರು ಇದೆ, ಅದು ನಾನು ಹೇಳದ ಮಾತನ್ನು ನಂಬಿದೆ. ಬಾಯಿಮಾತಿನಿಂದ ಇದು ಬಗೆಹರಿಯುವುದಿಲ್ಲ, ಅಚ್ಚಾದದ್ದಕ್ಕೆ ಅಚ್ಚಾದದ್ದೇ ಉತ್ತರ. ಆರನೇ ಪುಟ ಬೇಕು. ನನ್ನ ಅಂಕಣಗಳನ್ನೆಲ್ಲ ಜೋಪಾನವಾಗಿ ಕತ್ತರಿಸಿ ಇಡುವವಳು ನಾನು. ಆದರೆ ಆ ವಾರದ್ದು ಸಿಗಲೊಲ್ಲದು. ಮನೆಯೆಲ್ಲ ಹುಡುಕಿದೆ. ನಮ್ಮ ಮನೆಯವರು ಅಡುಗೆ ಮನೆಯಿಂದ ಕೂಗಿದರು, "ಬ್ಯಾಳಿ ಡಬ್ಬಿ ಕೆಳಗ ನೋಡು." ಅಲ್ಲಿತ್ತು. ಶೆಲ್ಫಿಗೆ ಹಾಸಿದ್ದರು. ಅರಿಷಿಣದ ಕಲೆ ಬಿಟ್ಟರೆ ಪೂರ್ತಿಯಾಗಿತ್ತು. ಹೋಟೆಲಿನವನನ್ನು ಬಯ್ಯುವ ಹಕ್ಕು ನನಗೆ ಅಲ್ಲಿಗೆ ಹೋಯಿತು.

ಶುಕ್ರವಾರ ಶಾಲೆಯ ಇನ್‌ಸ್ಪೆಕ್ಷನ್. ಅಲ್ಲಾಡುವಂತಿಲ್ಲ. ಶನಿವಾರ ರಜೆ ಬರೆದುಕೊಟ್ಟು ಮೊದಲನೇ ಬಸ್ ಹತ್ತಿದೆ. ಆ ಬಸ್ಸೋ, ಕೈ ತೋರಿಸಿದವರಿಗೆಲ್ಲ ನಿಂತಿತು. ಕ್ರಾಸಿನಲ್ಲಿ ಇಳಿದು ಟಂಟಂ ಆಟೊ ಹಿಡಿದೆ. ಅದು ತುಂಬುವವರೆಗೂ ಡ್ರೈವರ್ ಬಿಡಲೊಲ್ಲ. ಕಡೆಗೆ ಅವನ ಮೇಲೆ ರೇಗಿದೆ. "ಏನ್ ಟೀಚರ, ಇಷ್ಟ ಯಾಕ ಗಡಿಬಿಡಿ, ಮನ್ಯಾಗ ಏನರ ಆಗೈತೇನ್ರಿ?" ಎಂದ. ಎಮ್ಮೆ ಉಳಿಸಬೇಕಾಗಿದೆ ಎಂದೆ. ಅವನು ತಕ್ಷಣ ಗಾಡಿ ಬಿಟ್ಟ.

ಗಂಗವ್ವನ ಮನೆ ಮುಂದೆ ಗೂಟ ಖಾಲಿ ಇತ್ತು.

ಹಗ್ಗವೂ ಇಲ್ಲ. ಮೇವಿನ ತೊಟ್ಟಿಯಲ್ಲಿ ಅರ್ಧ ತಿಂದ ಕಣಿಕೆ ಹಾಗೇ ಬಿದ್ದಿತ್ತು. ಓದಿದವರು ನಗಲಿ ಎಂದು ನಾನು ಬರೆದ ಒಂದು ಸಾಲು, ಅದಕ್ಕೆ ಈ ಮನೆಯ ಎಮ್ಮೆ ಹೋಯಿತು. ಒಳಗೆ ಶಾಂತಾ ಕೂಸಿಗೆ ಹಾಲು ಕುಡಿಸುತ್ತಿದ್ದಳು.

"ಅವ್ವ ಎಲ್ಲಿ, ಶಾಂತಾ?"

"ಎಮ್ಮಿ ಹಿಡಕೊಂಡು ಹೋದ್ಲಕ್ಕಾ."

"ದಲಾಲಿ ಬಂದಿದ್ನೇನು?"

"ಬಂದಿದ್ದ. ಅವನ್ನೂ ಕರಕೊಂಡು ಕಟ್ಟಿ ಕಡೆ ಹೋದ್ಲು. ಎಣಸಾವ ಅಲ್ಲಿ ಕುಂತಾನಂತ."

ಕಟ್ಟೆಯ ತನಕ ಓಡಿದೆ. ಈ ವಯಸ್ಸಿನಲ್ಲಿ, ಇಸ್ತ್ರಿ ಮಾಡಿದ ಸೀರೆಯಲ್ಲಿ, ಊರೆಲ್ಲ ನೋಡುತ್ತಿರಲು ಓಡಿದೆ.

ಹನುಮಪ್ಪನ ಗುಡಿಯ ಕಟ್ಟೆಯ ಮುಂದೆ ಜನ ಸೇರಿತ್ತು. ನಡುವೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಗಣತಿಯವನು, ತೊಡೆಯ ಮೇಲೆ ಫಾರ್ಮು. ಅವನ ಎದುರಿಗೆ ಚಂದ್ರಿ, ಆರಾಮಾಗಿ ಮೆಲುಕು ಹಾಕುತ್ತ. ಹಗ್ಗ ಗಂಗವ್ವನ ಕೈಯಲ್ಲೇ ಇತ್ತು. ದಲಾಲಿ ಒಂದು ಕಡೆ ಹೆಗಲ ಮೇಲಿನ ಟವೆಲ್ ಸರಿಮಾಡಿಕೊಳ್ಳುತ್ತ ನಿಂತಿದ್ದ. ನಾನು ಗುಡಿಯ ಕಂಬ ಹಿಡಿದುಕೊಂಡು ಉಸಿರು ತೆಗೆದುಕೊಂಡೆ.

ಗಣತಿಯವನು ತಲೆ ಮೇಲೆ ಕೈ ಹೊತ್ತು ಹೇಳುತ್ತಿದ್ದ. "ಇಂಡಿ ಆತು, ಸಿಂದಗಿ ಆತು, ಮುದ್ದೇಬಿಹಾಳ ಆತು, ಎಲ್ಲಾ ಕಡೆ ಅಡ್ಡಾಡೇನಿ. ಇಂಥಾ ಊರು ನೋಡಿಲ್ರಿ. ಎಲ್ಲಿ ನೋಡಿದ್ರೂ ಹಸಿ ಸೆಗಣಿ ಐತಿ, ಎಮ್ಮಿ ಮಾತ್ರ ಇಲ್ಲ."

ಚನ್ನಪ್ಪ ಸಾವಕಾರರು ಕಟ್ಟೆಯ ಮೇಲೆ ಗೋಡೆಗೆ ಒರಗಿ ಆಕಾಶ ನೋಡುತ್ತಿದ್ದರು. ಗಂಗವ್ವ ಒಂದು ಹೆಜ್ಜೆ ಮುಂದೆ ಬಂದಳು.

"ಬರ್ಕೋ ಯಪ್ಪಾ. ಗಂಗವ್ವ, ಎಮ್ಮಿ ಒಂದು. ಇದನ್ನ ಮಾರಾಕ ಹಗ್ಗ ಬಿಚ್ಚಿದ್ದೆ. ಬಿಚ್ಚಿದ ಮ್ಯಾಲೆ ಕೈ ಬಿಡವಲ್ದು. ಮದ್ಲ ನಿನ್ನ ಕೇಳಿ ಆಮ್ಯಾಲೆ ಕೊಡೂಣು ಅಂತ ಬಂದೇನಿ. ಮನಿಗೊಂದು ಕಡಿಮಿ ಮಾಡ್ರಿ ಅಂತ ಸರ್ಕಾರ ಖರೇನ ಹೇಳೈತೇನು?"

ಗಣತಿಯ ಹುಡುಗ ಮಿಕಿಮಿಕಿ ನೋಡಿದ. "ಏನ್ ಕಡಿಮಿ ಮಾಡೂದಬೇ?"

"ಎಮ್ಮಿ. ಅವು ತೇಗಿದ್ರ ಭೂಮಿ ಬಿಸಿ ಆಗ್ತೈತಂತ. ಆಗ್ಲಿ. ನನ್ನ ಮನ್ಯಾಗ ಇರೂದು ಒಂದ. ಮನಿಗೊಂದು ಅಂದ್ರ ನಂದು ಪೂರಾ ಹೋತು, ಸಾವಕಾರಂದು ಹದಿಮೂರು ಉಳೀತು. ಇದೆಂಥಾ ಸಮ?"

ಹದಿಮೂರು ಎಂದ ತಕ್ಷಣ ಗಣತಿಯವನು ಫಾರ್ಮು ನೋಡಿಕೊಂಡ. ಅದರಲ್ಲಿ ಸಾವಕಾರರ ಹೆಸರಿನ ಮುಂದೆ ಎರಡು ಎಂದಿತ್ತು. ಸಾವಕಾರರಿಗೆ ಈಗ ಆಕಾಶದಿಂದ ಇಳಿಯದೆ ಗತಿ ಇರಲಿಲ್ಲ.

"ನಾವೇನು ಇವತ್ತು ನಿನ್ನೆ ಸಾಕಿದ್ದಲ್ಲ ಗಂಗವ್ವ. ನಮ್ಮ ಮುತ್ತ್ಯಾನ ಕಾಲದಿಂದ ಅದಾವು" ಎಂದರು.

"ಹಂಗಾರ ಮುತ್ತ್ಯಾನ ಕಾಲದಿಂದ ತೇಗಿದ್ದೂ ನಿಮ್ಮವ ಹೌದಲ್ರಿ?"

ಜನ ಗೊಳ್ಳೆಂದು ನಕ್ಕರು. ನಾನು ನಗಲಿಲ್ಲ. ಮುಂದುವರಿದ ದೇಶಗಳು ನೂರಾರು ವರ್ಷ ಕಲ್ಲಿದ್ದಲು ಸುಟ್ಟು ಗಾಳಿ ಕೆಡಿಸಿವೆ, ಆದ್ದರಿಂದ ಮೊದಲು ಅವೇ ಕಡಿಮೆ ಮಾಡಲಿ ಎಂದು ನಮ್ಮ ದೇಶದವರು ಸಭೆಯಿಂದ ಸಭೆಗೆ ವಾದಿಸಿಕೊಂಡು ಬಂದಿದ್ದಾರಲ್ಲ, ಅದನ್ನು ಓದಿ ಅರ್ಥ ಮಾಡಿಕೊಳ್ಳಲು ನನಗೆ ಎರಡು ವಾರ ಹಿಡಿದಿತ್ತು. ಗಂಗವ್ವ ಒಂದು ಉಸಿರಿನಲ್ಲಿ ಮುಗಿಸಿದಳು, ಅದೂ ಪೇಪರು ಓದದೆ.

ಆಮೇಲೆ ನನ್ನ ಸರದಿ. ಅರಿಷಿಣದ ಕಲೆಯ ಆರನೇ ಪುಟ ತೆಗೆದು ಹಣಮಂತ ಮಾಸ್ತರರ ಕೈಗೆ ಕೊಟ್ಟೆ. ನಾನೇ ಓದಬಹುದಿತ್ತು. ಆದರೆ ಆ ಊರಿನಲ್ಲಿ ಮಾಸ್ತರರ ದನಿಯಲ್ಲಿ ಬಂದದ್ದೇ ಸುದ್ದಿ. ಅವರು ಕನ್ನಡಕ ಏರಿಸಿ ಓದಿದರು. ನಿಮ್ಮ ಎಮ್ಮೆಗೆ ಯಾರೂ ಕೈ ಹಚ್ಚುವುದಿಲ್ಲ ಎಂಬ ಸಾಲನ್ನು ಎರಡು ಸಲ ಓದಿದರು.

ಓದಿ ಮುಗಿಸಿ, "ಅರ್ಧಾ ಓದಿ ನಾ ಬಾಯಿ ತೆರೀಬಾರದಿತ್ತವ್ವಾ, ತಪ್ಪು ನಂದು" ಎಂದರು.

"ತಪ್ಪು ನಂದ್ರಿ ಮಾಸ್ತರ" ಎಂದೆ. ಅದು ಬರಿಯ ಮರ್ಯಾದೆಯ ಮಾತಲ್ಲ.

ಹೋಟೆಲಿನವನೂ ಗುಂಪಿನಲ್ಲಿದ್ದ. "ನಾ ಏನ್ ಮಾಡ್ಲಿ ಅಕ್ಕಾರ, ಭಜಿ ಕಟ್ಟಾಕ ಪೇಪರ ಬೇಕಲ್ಲ" ಎಂದ. ಬೇಳೆ ಡಬ್ಬಿಯ ವಿಷಯ ನಾನು ಹೇಳಲಿಲ್ಲ.

ಗಣತಿಯವನಿಗೆ ಈಗ ಎಲ್ಲ ತಿಳಿಯಿತು. ಅವನ ಸಿಟ್ಟು ಇಳಿದು ನಗು ಬಂತು. "ನಾ ಬಂದಿದ್ದು ಒಯ್ಯಾಕಲ್ರಿ, ಎಣಸಾಕ. ನಿಮ್ಮೂರಾಗ ದನಾ ಭಾಳ ಅದಾವು ಅಂತ ಕಾಗದದ ಮ್ಯಾಲೆ ಬಂದ್ರ, ನಾಳೆ ದನದ ದವಾಖಾನಿ ಕೇಳಾಕ ಒಂದು ದಾರಿ ಆಗ್ತೈತಿ. ನೀವು ನೋಡಿದ್ರ ಇದ್ದದ್ದೂ ಮುಚ್ಚಿಟ್ಟೀರಿ."

ದವಾಖಾನೆ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಕಟ್ಟೆ ಖಾಲಿ. ಅರ್ಧ ತಾಸಿನಲ್ಲಿ ಊರಿನ ನಾಲ್ಕೂ ದಿಕ್ಕಿನಿಂದ ಎಮ್ಮೆಗಳು ಬರತೊಡಗಿದವು. ಕಾಲುವೆಯ ಕಡೆಯಿಂದ ಸಾವಕಾರರ ಹನ್ನೆರಡು, ಮೈತುಂಬ ಕೆಸರು ಮಾಡಿಕೊಂಡು, ರಸ್ತೆ ತುಂಬ ನಡೆದು ಬಂದವು. ಅವಕ್ಕೆ ಆ ಹೊಲ ಬಹಳ ಹಿಡಿಸಿತ್ತಂತೆ, ಬರಲು ಒಲ್ಲೆ ಎಂದವಂತೆ. ಗಣತಿಯವನು ಫಾರ್ಮಿನಲ್ಲಿ ಎರಡು ಎಂದಿದ್ದನ್ನು ಅಳಿಸಿ ಹದಿನಾಲ್ಕು ಬರೆದ. ದಲಾಲಿ ಗಾಡಿ ಚಾಲೂ ಮಾಡಿದ. ಹೋಗುವ ಮೊದಲು ಚಂದ್ರಿಯ ಬೆನ್ನು ತಟ್ಟಿ, "ಚಲೋ ಎಮ್ಮಿ ಚಿಗವ್ವ, ಮಾರಬ್ಯಾಡ" ಎಂದು ಹೇಳಿದ. ದಲಾಲಿಯ ಬಾಯಲ್ಲಿ ಇಂಥ ಮಾತು ನಾನು ಇದೇ ಮೊದಲು ಕೇಳಿದ್ದು.

ಚಂದ್ರಿಯನ್ನು ಮತ್ತೆ ಅದೇ ಗೂಟಕ್ಕೆ ಕಟ್ಟಿದಾಗ ನನಗೆ ಆದ ಸಮಾಧಾನ ಎಷ್ಟೆಂದು ಹೇಗೆ ಹೇಳಲಿ? ಅವಳು ಮುಖ ಹಾಕಿದ್ದು ನೇರ ಅರ್ಧ ಬಿಟ್ಟ ಕಣಿಕೆಗೆ. ಒಮ್ಮೆ ದೊಡ್ಡದಾಗಿ ತೇಗಿದಳು. ಮೀಥೇನ್ ಹೋದರೆ ಹೋಗಲಿ ಎಂದು ನಾನು, ವಿಜ್ಞಾನದ ಟೀಚರ್, ಬಾಯಿಬಿಟ್ಟು ಹೇಳಿದೆ. ಎರಡು ದಿನದಿಂದ ಗಂಟಲಲ್ಲಿ ಇಳಿಯದಿದ್ದ ರೊಟ್ಟಿ ಆ ಮಧ್ಯಾಹ್ನ ಗಂಗವ್ವನ ಅಡುಗೆ ಮನೆಯಲ್ಲಿ ಮೂರು ಇಳಿಯಿತು, ಗಟ್ಟಿ ಮೊಸರಿನ ಜೊತೆ.

ವಾಪಸ್ ಬಸ್ಸಿನಲ್ಲಿ ಕೂತಾಗ ಮಾತ್ರ ತಲೆಯಲ್ಲಿ ಹುಳ ಬಿಟ್ಟಂತಾಯಿತು. ನಮ್ಮ ದೇಶಕ್ಕೆ ಗುರಿ ಇಲ್ಲ ಎಂದು ನಾನು ಆರನೇ ಪುಟದಲ್ಲಿ ನಿರಾಳವಾಗಿ ಬರೆದೆನಲ್ಲ, ಆ ನಿರಾಳ ಯಾರ ಪುಣ್ಯದಿಂದ? ಜಗತ್ತಿನ ಸಭೆಯಲ್ಲಿ ನಾವು ಗಂಗವ್ವಂದಿರು. ಒಬ್ಬೊಬ್ಬರ ಪಾಲಿಗೆ ಬರುವ ಹೊಗೆ ಬಹಳ ಕಡಿಮೆ, ನಮ್ಮನ್ನು ಬಿಡಿ ಎನ್ನುತ್ತೇವೆ. ಸರಿಯಾದ ಮಾತೇ. ಅಮೆರಿಕ ಮೊದಲು ಸಹಿ ಹಾಕಿ, ಆಮೇಲೆ ಭಾರತ, ಚೀನಾಕ್ಕೆ ಇಲ್ಲದ ಗುರಿ ನನಗೇಕೆ ಎಂದು ಎದ್ದು ಹೋಯಿತು. ಮನಿಗೊಂದು ಎಂದ ಸಾವಕಾರರೇ ಹನ್ನೆರಡನ್ನು ಕಾಲುವೆಗೆ ಅಟ್ಟಿದಂತೆ.

ಆದರೆ ನಮ್ಮ ಸರಾಸರಿ ಅಷ್ಟು ಕಡಿಮೆ ಇರುವುದು ಯಾರಿಂದ? ನನ್ನಿಂದಂತೂ ಅಲ್ಲ. ನಮ್ಮ ಮನೆಯಲ್ಲಿ ಫ್ರಿಜ್ ಇದೆ, ಗೀಸರ್ ಇದೆ, ಎರಡು ಗಾಡಿ ಇವೆ. ಒಂದು ಫರ್ಲಾಂಗ್ ದೂರದ ತರಕಾರಿ ಅಂಗಡಿಗೆ ನಮ್ಮ ಮನೆಯವರು ಗಾಡಿಯಲ್ಲೇ ಹೋಗುತ್ತಾರೆ. ಸೆಗಣಿಯ ಕುಳ್ಳು ಹಚ್ಚಿ ಅಡುಗೆ ಮಾಡಿ, ಒಂದು ಬಲ್ಬಿನಲ್ಲಿ ಬದುಕುವ ಗಂಗವ್ವನ ಹೆಸರು ಹೇಳಿ ನಾನು ಪಾರಾಗುತ್ತಿದ್ದೇನೆ. ಹೊರಗೆ ನಾವು ಗಂಗವ್ವ, ಊರೊಳಗೆ ಸಾವಕಾರರು. ಇದನ್ನು ಬರೆಯಲು ನನಗೆ ಖುಷಿಯೇನೂ ಇಲ್ಲ. ಆದರೆ ಎರಡು ವಾರದ ಹಿಂದೆ ಅರ್ಧ ಮಾತು ಹೇಳಿ ಆದ ಅನಾಹುತ ಸಾಕು. ಈ ಸಲ ಸಂಪಾದಕರಿಗೆ ಹೇಳಿದ್ದೇನೆ, ಇಡೀ ಬರಹ ಒಂದೇ ಪುಟದಲ್ಲಿ ಬರಬೇಕು ಎಂದು.

ಹೊರಡುವಾಗ ಗಂಗವ್ವ ಸ್ಟೀಲ್ ಡಬ್ಬಿಯಲ್ಲಿ ಮೊಸರು ಕಟ್ಟಿಕೊಟ್ಟು ಬಾಗಿಲ ತನಕ ಬಂದಿದ್ದಳು. ನಾನು ಮಾಫಿ ಕೇಳಲು ಹೋದರೆ ಕೇಳಿಸಿಕೊಳ್ಳಲೇ ಇಲ್ಲ, "ಹೋಗ್ಲಿ ಬಿಡ ಮಗಳ, ಎಮ್ಮಿ ಉಳೀತಲ್ಲ" ಎಂದಳು. ಆ ಒಪ್ಪಂದ ಎಲ್ಲಾಯಿತು, ಯಾರು ಯಾರು ಕೂತಿದ್ದರು ಎಂದು ಕೇಳಿದಳು. ಹೇಳಿದೆ. ಎಲ್ಲ ದೇಶದ ಮಂತ್ರಿಗಳು, ಅಧಿಕಾರಿಗಳು, ವಿಜ್ಞಾನಿಗಳು ಎಂದೆ. ಗಂಗವ್ವ ಚಂದ್ರಿಯ ಕಡೆ ನೋಡಿದಳು.

"ಅಲ್ಲವ್ವಾ, ಅಷ್ಟ ಮಂದ್ಯಾಗ, ಮನ್ಯಾಗ ಒಂದ ಎಮ್ಮಿ ಇದ್ದಾಕಿ ಯಾರರ ಇದ್ಲೇನು?"